ಮನೆಯೊಡೆಯನ ಹೊಣೆ: ಮಿತಾಕ್ಷರೆಯಿಂದ ಇಂದಿನವರೆಗೆ

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ಸಭೆ ಮುಗಿದ ತರುವಾಯ, ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದ ತರುಣನೊಬ್ಬನನ್ನು ವಂಚನೆಯ ಆರೋಪದ ಮೇಲೆ ಪೊಲೀಸರು ಹಿಡಿದೊಯ್ದಿದ್ದರು. ಅನಂತರ ಈ ಹಿರಿಯರನ್ನೂ ಮೂರು ಸಲ ಠಾಣೆಗೆ ಕರೆಸಿ ವಿಚಾರಿಸಿದ್ದರು. ಕರಾರುಪತ್ರದಲ್ಲಿ ಬಾಡಿಗೆದಾರನ ಹೆಸರು ಮತ್ತು ಊರು ಮಾತ್ರ ಇದ್ದವು. ಉದ್ಯೋಗವೇನು, ಹಿಂದೆ ಎಲ್ಲಿದ್ದನು ಎಂಬ ಪ್ರಶ್ನೆಗಳಿಗೆ ಇವರಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಅಧ್ಯಾಪಕರಾಗಿದ್ದ ಅವರು ನೆರೆಹೊರೆಯವರ ನೋಟವನ್ನು ಎದುರಿಸಲಾರದೆ ಸಂಜೆಯ ತಿರುಗಾಟವನ್ನು ನಿಲ್ಲಿಸಿಬಿಟ್ಟಿದ್ದರು. “ಮನಿ ಕೊಟ್ಟಿದ್ದೇ ನನ್ನ ತಪ್ಪೇನಪ್ಪಾ?” ಎಂಬುದು ಅವರ ಪ್ರಶ್ನೆ.

ಅಂದು ನಾನು ಸಮಾಧಾನದ ಎರಡು ಮಾತುಗಳನ್ನು ಹೇಳಿ ಮನೆಗೆ ಬಂದೆನು. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಅದಕ್ಕೆ ಉತ್ತರವನ್ನು ಅರಸುತ್ತ ಹೋದಾಗ, ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು ನಿರ್ಣಯವನ್ನು ಹೇಳಿದ ಗ್ರಂಥವೊಂದಿರುವುದು ಮತ್ತೆ ನೆನಪಾಯಿತು. ಆ ನಿರ್ಣಯವೇನು, ಅದರ ಹಿಂದೆ ಯಾವ ಪರಂಪರೆಯಿದ್ದಿತು, ಇಂದಿನ ಕಾನೂನು ಅದರಿಂದ ಎಷ್ಟು ದೂರ ಸಾಗಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಗ್ರಂಥವೆಂದರೆ ವಿಜ್ಞಾನೇಶ್ವರನ ಮಿತಾಕ್ಷರೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ರಾಜಧಾನಿ ಕಲ್ಯಾಣದಲ್ಲಿ ರಚಿತವಾಯಿತು. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಆ ಕಲ್ಯಾಣ. 1956ರ ನವೆಂಬರ್ 1ರವರೆಗೆ ಅದು ಹೈದರಾಬಾದು ರಾಜ್ಯದ ಒಂದು ಊರಾಗಿದ್ದಿತು. ದಾಯಭಾಗದ ವಿಷಯದಲ್ಲಿ ಮಿತಾಕ್ಷರೆಯ ಹೆಸರು ಭಾರತದ ಎಲ್ಲ ನ್ಯಾಯಾಲಯಗಳಲ್ಲಿಯೂ ಪರಿಚಿತವಾದುದು. ಆದರೆ ಅದರ ವ್ಯವಹಾರಾಧ್ಯಾಯದ ಸ್ತೇಯಪ್ರಕರಣವನ್ನು, ಎಂದರೆ ಕಳವಿನ ಭಾಗವನ್ನು, ಓದುವವರು ವಿರಳ. ನಮ್ಮ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ.

ಸ್ತೇಯಪ್ರಕರಣವು ಎರಡು ಬಗೆಯ ಹೊಣೆಯನ್ನು ಹೇಳುತ್ತದೆ. ಮೊದಲನೆಯದು ಗ್ರಾಮದ ಒಡೆಯನ ಹೊಣೆ. ಊರೊಳಗೆ ಕೊಲೆಯೋ ಕಳವೋ ನಡೆದು, ಕಳ್ಳನು ಊರು ಬಿಟ್ಟು ಹೋದ ಗುರುತು ತೋರದಿದ್ದರೆ ದೋಷವು ಗ್ರಾಮದ ಒಡೆಯನದು. ಗೋಮಾಳದಲ್ಲಿ ನಡೆದರೆ ಅದರ ಮೇಲ್ವಿಚಾರಕನದು. ಇವೆರಡೂ ಅಲ್ಲದ ದಾರಿಯಲ್ಲಿ ನಡೆದರೆ ಕಳ್ಳರನ್ನು ಹಿಡಿಯಲು ನಿಯಮಿತನಾದ ಅಧಿಕಾರಿಯದು. ಹೆಜ್ಜೆಯ ಜಾಡು ಯಾವ ಗ್ರಾಮದ ಎಲ್ಲೆಯನ್ನು ಹೊಗುವುದೋ ಆ ಗ್ರಾಮವು ನಷ್ಟವನ್ನು ತುಂಬಿಕೊಡಬೇಕು. ಎಲ್ಲೆಯಿಂದ ಒಂದು ಕ್ರೋಶದಾಚೆ ನಡೆದುದಾದರೆ ಸುತ್ತಲ ಐದು ಅಥವಾ ಹತ್ತು ಗ್ರಾಮಗಳು ಕೂಡಿ ತೆರಬೇಕು. ಇಷ್ಟಾಗಿಯೂ ಹೊಣೆ ಕಟ್ಟಕಡೆಗೆ ಅರಸನದೇ. ಕಳ್ಳರು ಒಯ್ದ ಒಡವೆಯನ್ನು ಅರಸನು ಪ್ರಜೆಗೆ ಕೊಡಿಸತಕ್ಕದ್ದು, ಕೊಡದಿದ್ದರೆ ಆ ಪಾಪ ಅವನಿಗೇ ತಗಲುವುದು ಎಂದು ಯಾಜ್ಞವಲ್ಕ್ಯನು ಬೇರೊಂದು ಕಡೆ ವಿಧಿಸಿದ್ದಾನೆ.

ಈ ಮೊದಲನೆಯ ಹೊಣೆಯಲ್ಲಿ ಒಡೆಯನಿಗೆ ಅಪರಾಧ ತಿಳಿದಿತ್ತೇ ಎಂಬ ಪ್ರಶ್ನೆಯೇ ಇಲ್ಲ. ಅದು ಇರಬೇಕಾಗಿಯೂ ಇಲ್ಲ. ಏಕೆಂದರೆ ಇದು ಅಧಿಕಾರದೊಡನೆ ಬಂದ ಹೊಣೆ. ರಾಷ್ಟ್ರಕೂಟರ ಅನೇಕ ತಾಮ್ರಶಾಸನಗಳಲ್ಲಿ ಗ್ರಾಮವನ್ನು ದಾನ ಮಾಡುವಾಗ ‘ಸದಂಡದಶಾಪರಾಧ’ ಮತ್ತು ‘ಅಚಾಟಭಟಪ್ರವೇಶ್ಯ’ ಎಂಬ ವಿಶೇಷಣಗಳು ಬರುತ್ತವೆ. ಹತ್ತು ಬಗೆಯ ಅಪರಾಧಗಳಿಂದ ಬರುವ ದಂಡದ ಹಣವು ದಾನ ಪಡೆದವನಿಗೆ ಸೇರತಕ್ಕದ್ದು, ಅರಸನ ಭಟರು ಆ ಊರನ್ನು ಹೊಗಲಾಗದು ಎಂದು ಇವುಗಳ ತಾತ್ಪರ್ಯ. ಭಟರನ್ನು ಹೊರಗಿರಿಸಿ ದಂಡವನ್ನು ತಾನೇ ತೆಗೆದುಕೊಳ್ಳುವವನು ಊರ ಕಾವಲಿನ ಭಾರವನ್ನೂ ಹೊರಬೇಕಾದುದು ನ್ಯಾಯವೇ ಸರಿ.

ಭೂಮಿಯನ್ನು ಕೊಟ್ಟ ಅರಸನು, ಪಡೆದವರ ನಡತೆಯ ಮೇಲೆ ಷರತ್ತು ಹಾಕುವ ಪದ್ಧತಿಯೂ ದಖ್ಖಣದಲ್ಲಿ ಇದ್ದಿತು. ವಾಕಾಟಕ ಎರಡನೆಯ ಪ್ರವರಸೇನನು ತನ್ನ ಆಳ್ವಿಕೆಯ 18ನೆಯ ವರ್ಷದಲ್ಲಿ ಹೊರಡಿಸಿದ ಚಮ್ಮಕ್ ತಾಮ್ರಶಾಸನವು ಇದಕ್ಕೆ ಒಳ್ಳೆಯ ನಿದರ್ಶನ. ಚಮ್ಮಕ್ ಇರುವುದು ವಿದರ್ಭದ ಅಮರಾವತಿ ಜಿಲ್ಲೆಯಲ್ಲಿ. ಸಾವಿರ ಬ್ರಾಹ್ಮಣರಿಗೆ ಗ್ರಾಮವೊಂದನ್ನು ಕೊಟ್ಟ ಆ ಶಾಸನವು, ಅವರು ರಾಜ್ಯದ್ರೋಹ, ಬ್ರಹ್ಮಹತ್ಯೆ, ಕಳವು, ಪರದಾರಗಮನಗಳಲ್ಲಿ ತೊಡಗದೆ, ಯುದ್ಧ ಮಾಡದೆ, ಬೇರೆ ಗ್ರಾಮಗಳಿಗೆ ಕೇಡೆಸಗದೆ ಇರುವವರೆಗೆ ಮಾತ್ರ ದಾನವು ಊರ್ಜಿತವೆನ್ನುತ್ತದೆ. ಹಾಗೆ ನಡೆದರೆ ಭೂಮಿಯನ್ನು ಹಿಂದಕ್ಕೆ ಪಡೆಯುವ ಅರಸನಿಗೆ ಕಳವಿನ ದೋಷವಿಲ್ಲವೆಂದೂ ಸ್ಪಷ್ಟಪಡಿಸುತ್ತದೆ. ಇಂದು ನಾವು ಬಾಡಿಗೆಯ ಕರಾರುಪತ್ರದಲ್ಲಿ ಬರೆಸುವ ‘ಕಾನೂನುಬಾಹಿರ ಕಾರ್ಯಗಳಿಗೆ ಉಪಯೋಗಿಸಕೂಡದು’ ಎಂಬ ವಾಕ್ಯದ ವಂಶವು ಇಷ್ಟು ಹಳೆಯದು.

ಇನ್ನು ಎರಡನೆಯ ಹೊಣೆ. ಕಳ್ಳನಿಗಾಗಲಿ ಕೊಲೆಗಾರನಿಗಾಗಲಿ ಅನ್ನ, ಅವಕಾಶ, ಬೆಂಕಿ, ನೀರು, ಉಪಾಯ, ಸಲಕರಣೆ, ದಾರಿಯ ವೆಚ್ಚ ಇವುಗಳನ್ನು ಕೊಟ್ಟವನಿಗೆ ಉತ್ತಮಸಾಹಸವೆಂಬ ದಂಡವನ್ನು ಸ್ಮೃತಿ ವಿಧಿಸುತ್ತದೆ. ಯಾಜ್ಞವಲ್ಕ್ಯನ ಗಣನೆಯಂತೆ ಇದು 1080 ಪಣ. ದಂಡಗಳಲ್ಲಿ ಅತಿ ದೊಡ್ಡದು. ಇಲ್ಲಿಯ ‘ಅವಕಾಶ’ ಎಂಬ ಮಾತಿಗೆ ವಿಜ್ಞಾನೇಶ್ವರನು ವಾಸಸ್ಥಾನವೆಂದು ಅರ್ಥವನ್ನು ಹೇಳುತ್ತಾನೆ. ಆದುದರಿಂದ ಮನೆಯನ್ನು ಕೊಟ್ಟವನು ಈ ಪಟ್ಟಿಯಲ್ಲಿ ಸೇರಿದ್ದಾನೆ. ಆದರೆ ಸ್ಮೃತಿಯ ಅದೇ ವಚನದಲ್ಲಿ ಇನ್ನೊಂದು ಸಣ್ಣ ಪದವಿದೆ: ‘ಜಾನತಃ’, ಎಂದರೆ ತಿಳಿದಿರುವವನಿಗೆ. ಬಂದವನ ದುಷ್ಟತನವನ್ನು ಅರಿತಿದ್ದೂ ಕೊಟ್ಟವನಿಗೆ ಮಾತ್ರ ಈ ದಂಡವೆಂದು ವಿಜ್ಞಾನೇಶ್ವರನು ಅದನ್ನು ಬಿಡಿಸಿ ಹೇಳುತ್ತಾನೆ. ತಡೆಯಲು ಶಕ್ತಿಯಿದ್ದೂ ಉಪೇಕ್ಷಿಸುವವರು ಕೂಡ ದೋಷಭಾಗಿಗಳೆಂಬ ನಾರದನ ಅಭಿಪ್ರಾಯವನ್ನು ಅವನು ಸೇರಿಸುತ್ತಾನೆ. ಉಪೇಕ್ಷೆಗೂ ತಿಳಿವು ಮೊದಲು ಬೇಕೆಂಬುದನ್ನು ಗಮನಿಸಬೇಕು.

ಈ ಒಂದು ಪದದ ಬೆಲೆ ಮನುಸ್ಮೃತಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಕಳ್ಳರಿಗೆ ಅನ್ನವನ್ನೂ ಎಡೆಯನ್ನೂ ಕೊಟ್ಟವರನ್ನು ಕಳ್ಳರಂತೆಯೇ ಕೊಲ್ಲಿಸಬೇಕೆನ್ನುವ ಮನುವು ಆ ವಿಧಿಗಳಲ್ಲಿ ಅವರ ತಿಳಿವಿನ ಮಾತನ್ನೆತ್ತುವುದಿಲ್ಲ. ಯಾಜ್ಞವಲ್ಕ್ಯನು ಮರಣವನ್ನು ಹಣದ ದಂಡಕ್ಕೆ ಇಳಿಸಿ, ಆ ದಂಡವನ್ನೂ ತಿಳಿವಿಗೆ ಕಟ್ಟಿಹಾಕಿದನು. ಕಲ್ಯಾಣದ ವ್ಯಾಖ್ಯಾನಕಾರನು ಆ ಗಂಟನ್ನು ಇನ್ನಷ್ಟು ಬಿಗಿಮಾಡಿದನು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಪರಂಪರೆ ಕೌಟಿಲ್ಯನ ಅರ್ಥಶಾಸ್ತ್ರದ್ದು. ಲುಪ್ತವಾಯಿತೆಂದು ತಿಳಿದಿದ್ದ ಈ ಗ್ರಂಥದ ಓಲೆಯ ಪ್ರತಿ 1905ರಲ್ಲಿ ಮೈಸೂರಿನಲ್ಲಿ ಶ್ರೀ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅವರಿಂದ ಮುದ್ರಣಗೊಂಡಿತು. ಕೌಟಿಲ್ಯನ ನಗರದಲ್ಲಿ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೆ ಒಬ್ಬ ಗೋಪ. ಅವನ ಮೇಲೆ ಸ್ಥಾನಿಕ. ಎಲ್ಲರ ಮೇಲೆ ನಾಗರಿಕನೆಂಬ ಅಧಿಕಾರಿ. ಛತ್ರವನ್ನು ನಡೆಯಿಸುವವರು ಬಂದ ಪರಸ್ಥಳದವರ ವಿಷಯವನ್ನು ತಿಳಿಸಿಯೇ ಇಳಿಸಿಕೊಳ್ಳಬೇಕು. ಮನೆಯೊಡೆಯನು ಬಂದವರನ್ನೂ ಹೋದವರನ್ನೂ ವರದಿಮಾಡಬೇಕು. ಮಾಡದಿದ್ದರೆ ಆ ರಾತ್ರಿ ನಡೆದ ಅಪರಾಧಕ್ಕೆ ಅವನೇ ಭಾಗಿ. ಏನೂ ನಡೆಯದೆ ರಾತ್ರಿ ಕ್ಷೇಮವಾಗಿ ಕಳೆದರೂ ಮೂರು ಪಣ ದಂಡ. ಗುಟ್ಟಾಗಿ ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಂಡವನ ವಿಷಯವನ್ನು ವೈದ್ಯನೂ ಮನೆಯೊಡೆಯನೂ ತಿಳಿಸಿದರೆ ಬಿಡುಗಡೆ, ಇಲ್ಲವಾದರೆ ಸಮಾನ ದೋಷ.

ಇಲ್ಲಿ ಗೃಹಸ್ಥನು ರಾಜ್ಯದ ಕಣ್ಣಾಗಿ ಮಾರ್ಪಡುತ್ತಾನೆ. ಅವನು ತಿಳಿದಿದ್ದನೇ ಎಂದು ಕೌಟಿಲ್ಯನು ಕೇಳುವುದಿಲ್ಲ. ತಿಳಿಸಿದನೇ ಎಂದು ಕೇಳುತ್ತಾನೆ. ಹಾಗೆಂದು ಕೌಟಿಲ್ಯನು ಬಾಡಿಗೆದಾರನನ್ನು ಕೇವಲ ಸಂಶಯದಿಂದ ಕಾಣುತ್ತಾನೆಂದು ಹೇಳಲಾಗದು. ಬಾಡಿಗೆ ತೆತ್ತವನನ್ನು ಹೊರಹಾಕಿದ ಒಡೆಯನಿಗೂ, ಬೇಡವೆಂದರೂ ಬಿಡದೆ ಇರುವವನಿಗೂ ಒಂದೇ ದಂಡ: ಹನ್ನೆರಡು ಪಣ. ಆದರೆ ಬಾಡಿಗೆದಾರನು ಪಾರುಷ್ಯ, ಕಳವು, ಸಾಹಸ, ಸ್ತ್ರೀಸಂಗ್ರಹಣ, ಸುಳ್ಳು ಭೋಗ ಇವುಗಳಲ್ಲಿ ತೊಡಗಿದ್ದರೆ ಹೊರಹಾಕಿದವನಿಗೆ ದಂಡವಿಲ್ಲ. ಬಾಡಿಗೆದಾರನ ಅಪರಾಧವು ಒಡೆಯನಿಗೆ ಬಿಡುಗಡೆಯ ಹಕ್ಕನ್ನು ಕೊಡುತ್ತದೆಂಬ ತತ್ತ್ವದ ಅತಿ ಪ್ರಾಚೀನ ರೂಪಗಳಲ್ಲಿ ಇದೊಂದು.

ಮಧ್ಯಯುಗದ ನಗರಗಳಲ್ಲಿ ಕೌಟಿಲ್ಯನ ಮಾರ್ಗವೇ ಹೆಚ್ಚಾಗಿ ಕಾಣುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಏಳು ಸುತ್ತಿನ ಕೋಟೆಯೊಳಗೆ 12,000 ಕಾವಲುಗಾರರಿದ್ದರೆಂದೂ, ಕಳೆದುಹೋದುದನ್ನು ಅವರು ಹುಡುಕಿಕೊಡಬೇಕಿತ್ತೆಂದೂ, ಕೊಡದಿದ್ದರೆ ದಂಡ ತೆರಬೇಕಾಗಿತ್ತೆಂದೂ ಬರೆದಿದ್ದಾನೆ. ಹೈದರಾಬಾದು ನಗರವು 1591ರಲ್ಲಿ ಸ್ಥಾಪಿತವಾಯಿತು. ಹೆಚ್ಚು ಕಡಮೆ ಅದೇ ದಶಕದಲ್ಲಿ ಉತ್ತರದಲ್ಲಿ ಅಬುಲ್ ಫಜಲನು ಬರೆದ ಐನ್-ಇ-ಅಕ್ಬರಿಯಲ್ಲಿ ಕೊತ್ವಾಲನ ಕರ್ತವ್ಯಗಳ ಪಟ್ಟಿಯಿದೆ. ಮನೆಗಳ ದಾಖಲೆಯನ್ನಿಡುವುದು, ಮೊಹಲ್ಲೆಗೊಬ್ಬ ಮುಖ್ಯನನ್ನು ನೇಮಿಸಿ ಬಂದವರ ಹೋದವರ ಸುದ್ದಿಯನ್ನು ದಿನವೂ ತರಿಸುವುದು, ಅಪರಿಚಿತರನ್ನು ಬೇರೆ ಸರಾಯಿಯಲ್ಲಿ ಇಳಿಸುವುದು ಅವನ ಕೆಲಸ. ಕದ್ದ ಮಾಲನ್ನು ಹಿಡಿಯಲಾಗದಿದ್ದರೆ ನಷ್ಟಕ್ಕೆ ಕೊತ್ವಾಲನೇ ಹೊಣೆ. ಗೋಲಕೊಂಡೆಯು 1687ರಲ್ಲಿ ಔರಂಗಜೇಬನ ಕೈಸೇರಿತು. ಕೊತ್ವಾಲನೆಂಬ ಹೆಸರು ನಮ್ಮ ನಗರದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂದಿತು. 1920ರಿಂದ 1934ರವರೆಗೆ ಆ ಪದವಿಯಲ್ಲಿದ್ದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಹೆಸರನ್ನು ಹಳೆಯ ಹೈದರಾಬಾದಿಗರು ಮರೆತಿಲ್ಲ. ಈ ಪದ್ಧತಿಯಲ್ಲಿ ಒಂದು ಗುಣವಿದ್ದಿತು. ಪ್ರಜೆಯಿಂದ ಸುದ್ದಿಯನ್ನು ಬಯಸಿದ ಅಧಿಕಾರಿಯು ನಷ್ಟದ ಹೊಣೆಯನ್ನು ತಾನೂ ಹೊತ್ತಿದ್ದನು.

ಬ್ರಿಟಿಷರ ಕಾಲದಲ್ಲಿ ಈ ಸಮತೂಕ ಬದಲಾಯಿತು. 1860ರ ಭಾರತೀಯ ದಂಡಸಂಹಿತೆಯು ಅಪರಾಧಿಗೆ ಆಶ್ರಯ ಕೊಡುವುದನ್ನು 212ನೆಯ ಕಲಮಿನಲ್ಲಿ ದಂಡನೀಯವೆಂದಿತು. ಅಲ್ಲಿ ಅವನು ಅಪರಾಧಿಯೆಂದು ತಿಳಿದಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು. ಇದು ‘ಜಾನತಃ’ ಎಂಬುದರ ಮಾರ್ಗವೇ. ಆದರೆ 154ನೆಯ ಕಲಮು ಜಮೀನುದಾರರಿಗಾಗಿ ಬೇರೊಂದು ನಿಯಮವನ್ನು ಮಾಡಿತು. ತನ್ನ ಭೂಮಿಯ ಮೇಲೆ ಅಕ್ರಮಕೂಟ ಸೇರಿದುದನ್ನು ಒಡೆಯನಾಗಲಿ ಅವನ ಮುತಾಲಿಕನಾಗಲಿ ಅರಿತಿದ್ದು, ಪೊಲೀಸರಿಗೆ ತಿಳಿಸದೆ, ತಡೆಯಲು ಯತ್ನಿಸದೆ ಇದ್ದರೆ ಸಾವಿರ ರೂಪಾಯಿಯವರೆಗೆ ದಂಡ. ದೂರದಲ್ಲಿದ್ದು ಮುತಾಲಿಕನ ಮರೆಯಲ್ಲಿ ಅಡಗುವ ಒಡೆಯನಿಗೆ ಇದು ಅಂಕುಶ. 1898ರ ದಂಡಪ್ರಕ್ರಿಯಾ ಸಂಹಿತೆಯ 45ನೆಯ ಕಲಮು, ಕದ್ದ ಮಾಲನ್ನು ಕೊಳ್ಳುವ ಕುಖ್ಯಾತರು ಊರಲ್ಲಿ ನೆಲೆಸಿದ್ದರೆ ಅದನ್ನು ವರದಿಮಾಡುವ ಹೊಣೆಯನ್ನು ಪಟೇಲ, ಶಾನುಭೋಗ, ತಳವಾರರೊಡನೆ ಭೂಮಿಯ ಒಡೆಯನ ಮೇಲೂ ಹೊರಿಸಿತು. ಕದ್ದುದನ್ನು ತುಂಬಿಕೊಡುವ ರಾಜಧರ್ಮವು ಮಾತ್ರ ಈ ಸಂಹಿತೆಗಳಲ್ಲಿ ಸೇರಲಿಲ್ಲ.

ಹೈದರಾಬಾದು ಸಂಸ್ಥಾನದಲ್ಲಿ ಕಾನೂನು ಬೇರೆಯಾಗಿದ್ದಿತು. ಕೆಲವು ದೊಡ್ಡ ಜಹಗೀರುಗಳಿಗೆ ತಮ್ಮದೇ ಪೊಲೀಸು ಮತ್ತು ನ್ಯಾಯಾಲಯಗಳಿದ್ದವು. ಒಂದರ್ಥದಲ್ಲಿ ಅದು ದಶಾಪರಾಧದಂಡದ ಹಳೆಯ ವ್ಯವಸ್ಥೆಯ ಕೊನೆಯ ನೆರಳು. 1949ರಲ್ಲಿ ಜಹಗೀರುಗಳು ರದ್ದಾದವು. 1951ರಲ್ಲಿ ಭಾರತದ ದಂಡಸಂಹಿತೆಯು ಇಲ್ಲಿಗೂ ಅನ್ವಯವಾಯಿತು. ಅಂದಿನಿಂದ ಭೂಮಿಯ ಒಡೆತನವೂ ಊರ ಆಳಿಕೆಯೂ ಪೂರ್ಣವಾಗಿ ಬೇರ್ಪಟ್ಟವು. ಇಂದು ಮನೆಯನ್ನು ಬಾಡಿಗೆಗೆ ಕೊಡುವವನಲ್ಲಿ ದಂಡಶಕ್ತಿಯಿಲ್ಲ, ಭಟರಿಲ್ಲ. ಬಾಡಿಗೆದಾರನ ಕೋಣೆಯನ್ನು ಶೋಧಿಸುವ ಹಕ್ಕೂ ಇಲ್ಲ. ಆದುದರಿಂದ ಗ್ರಾಮದ ಒಡೆಯನ ಹೊಣೆಯನ್ನು ಅವನ ತಲೆಗೆ ಕಟ್ಟಲಾಗದು. ಅವನಿಗೆ ಸಲ್ಲುವುದು ಅವಕಾಶ ಕೊಟ್ಟವನ ಹೊಣೆ ಮಾತ್ರ.

ಸ್ವತಂತ್ರ ಭಾರತದ ಕಾನೂನುಗಳು ಬಹುಮಟ್ಟಿಗೆ ಇದನ್ನೇ ಒಪ್ಪಿವೆ. ಸ್ತ್ರೀಯರ ಅನೈತಿಕ ವ್ಯಾಪಾರವನ್ನು ತಡೆಯುವ 1956ರ ಕಾಯಿದೆಯ ಪ್ರಕಾರ, ತನ್ನ ಮನೆ ವೇಶ್ಯಾಗೃಹವಾಗುವುದೆಂದು ತಿಳಿದು ಬಾಡಿಗೆಗೆ ಕೊಟ್ಟ ಒಡೆಯನು ಶಿಕ್ಷಾರ್ಹನು. 1985ರ ಮಾದಕವಸ್ತುಗಳ ಕಾಯಿದೆಯ 25ನೆಯ ಕಲಮು, ತಿಳಿದೂ ಮನೆಯನ್ನು ಅಂತಹ ಕಾರ್ಯಕ್ಕೆ ಬಿಟ್ಟವನಿಗೆ ಮೂಲ ಅಪರಾಧಕ್ಕಿರುವ ಶಿಕ್ಷೆಯನ್ನೇ ವಿಧಿಸುತ್ತದೆ. ತಿಳಿವನ್ನು ಹೇಗೆ ಸಾಧಿಸುವುದು? ಮೊದಲು ಹೇಳಿದ ಕಾಯಿದೆಗೆ ಮುಂದೆ ಸೇರಿಸಿದ ಉಪವಿಧಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಆ ಮನೆಯಲ್ಲಿ ದಂಧೆ ಪತ್ತೆಯಾದ ಸುದ್ದಿ ಸ್ಥಳೀಯ ಪತ್ರಿಕೆಯಲ್ಲಿ ಬಂದಿದ್ದರೆ, ಅಥವಾ ಶೋಧದ ಪಟ್ಟಿಯ ಪ್ರತಿಯನ್ನು ಒಡೆಯನಿಗೆ ಕೊಟ್ಟಿದ್ದರೆ, ಅವನಿಗೆ ತಿಳಿದಿತ್ತೆಂದೇ ಭಾವಿಸಲಾಗುವುದು. ಇಲ್ಲವೆಂದು ತೋರಿಸುವ ಭಾರ ಅವನದು. ಮೊದಲ ಸಲ ಅರಿಯೆನೆಂದವನು ಎರಡನೆಯ ಸಲ ಹಾಗೆನ್ನಲಾಗದು.

ಈ ಪರಂಪರೆಯ ಮುಖ್ಯ ಪರೀಕ್ಷೆ ನಡೆದುದು 1997ರಲ್ಲಿ. ಭಯೋತ್ಪಾದನೆಯ ವಿರುದ್ಧದ 1987ರ ಟಾಡಾ ಕಾಯಿದೆಯು ಭಯೋತ್ಪಾದಕರಿಗೆ ಆಶ್ರಯ ಕೊಡುವವರನ್ನು ದಂಡಿಸುವಾಗ ‘ತಿಳಿದು’ ಎಂಬ ಪದವನ್ನೇ ಬಳಸಿರಲಿಲ್ಲ. ಅತಿಥಿಗೃಹದಲ್ಲಿ ಅಂತಹವರಿಗೆ ಇಳಿದುಕೊಳ್ಳಲು ಎಡೆಕೊಟ್ಟ ಆರೋಪವೂ ಸೇರಿದ್ದ ಕಲ್ಪನಾಥ ರಾಯ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪದವಿಲ್ಲದಿದ್ದರೂ ತಿಳಿವು ಬೇಕೇಬೇಕೆಂದೂ, ತಿಳಿಯದೆ ಆಶ್ರಯ ಕೊಟ್ಟವನು ಅಪರಾಧಿಯಲ್ಲವೆಂದೂ ತೀರ್ಮಾನಿಸಿತು. ಶಾಸನಕಾರರು ಬಿಟ್ಟ ‘ಜಾನತಃ’ ಎಂಬ ಪದವನ್ನು ನ್ಯಾಯಮೂರ್ತಿಗಳು ಮತ್ತೆ ಬರೆದುಕೊಂಡಂತಾಯಿತು.

ಕೌಟಿಲ್ಯನ ಮಾರ್ಗವೂ ಕಣ್ಮರೆಯಾಗಿಲ್ಲ. ಬಾಡಿಗೆದಾರರ ವಿವರಗಳನ್ನು ಠಾಣೆಗೆ ತಿಳಿಸಬೇಕೆಂದು ನಗರಗಳಲ್ಲಿ ಪೊಲೀಸ್ ಆಯುಕ್ತರು ಆಗಾಗ ಆಜ್ಞೆ ಹೊರಡಿಸುವುದುಂಟು. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 154ನೆಯ ಕಲಮಿನ ಹೊಣೆ ಅದರ 193ನೆಯ ಕಲಮಿನಲ್ಲಿ, ಅದೇ ಸಾವಿರ ರೂಪಾಯಿಯ ಮಿತಿಯೊಡನೆ, ಮುಂದುವರಿದಿದೆ. ಆದರೆ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಆಜ್ಞೆಯಂತೆ ವರದಿ ಕೊಡದಿರುವುದು ಆಜ್ಞೋಲ್ಲಂಘನೆ. ಕೌಟಿಲ್ಯನ ಮೂರು ಪಣದ ತಪ್ಪು. ಅಷ್ಟರಿಂದಲೇ ಒಡೆಯನು ಬಾಡಿಗೆದಾರನ ಅಪರಾಧದಲ್ಲಿ ಪಾಲುಗಾರನಾಗನು. ಇನ್ನು ಬಿಡಿಸುವ ಹಕ್ಕಿನ ವಿಷಯ. ತೆಲಂಗಾಣದಲ್ಲಿಯೂ ಜಾರಿಯಲ್ಲಿರುವ 1960ರ ಬಾಡಿಗೆ ನಿಯಂತ್ರಣ ಕಾಯಿದೆಯ ಹತ್ತನೆಯ ಕಲಮು, ನೆರೆಯವರಿಗೆ ಉಪದ್ರವವಾಗುವಂತೆ ನಡೆಯುವ ಬಾಡಿಗೆದಾರನನ್ನು ಬಿಡಿಸಲು ಎಡೆಕೊಡುತ್ತದೆ. ಆದರೆ ನಿಯಂತ್ರಣಾಧಿಕಾರಿಯ ಆಜ್ಞೆಯ ಮೂಲಕ ಮಾತ್ರ. ಕೌಟಿಲ್ಯನು ಒಡೆಯನಿಗೆ ಬಿಟ್ಟ ನಿರ್ಣಯವನ್ನು ಇಂದಿನ ಕಾನೂನು ತನ್ನ ಕೈಯಲ್ಲಿರಿಸಿಕೊಂಡಿದೆ.

ತಿಳಿವಿಗೂ ಅರಿಯದಿರುವುದಕ್ಕೂ ನಡುವೆ ಮೂರನೆಯದೊಂದು ಸ್ಥಿತಿಯುಂಟು. ಅದು ನನ್ನ ವೃತ್ತಿಯಲ್ಲಿ ನಿತ್ಯವೂ ಎದುರಾಗುತ್ತದೆ. 1881ರ ಕಾಯಿದೆಯ 131ನೆಯ ಕಲಮಿನಂತೆ, ಕದ್ದ ಚೆಕ್ಕಿನ ಹಣವನ್ನು ಗಿರಾಕಿಗಾಗಿ ವಸೂಲು ಮಾಡಿದ ಬ್ಯಾಂಕಿಗೆ ರಕ್ಷಣೆಯಿದೆ. ಆದರೆ ಅದು ಸದ್ಭಾವನೆಯಿಂದಲೂ ಅಜಾಗರೂಕತೆಯಿಲ್ಲದೆಯೂ ನಡೆದಿರಬೇಕು. ವಿಚಾರಿಸದೆ ಖಾತೆ ತೆರೆದವನಿಗೆ ಆ ರಕ್ಷಣೆ ದೊರೆಯುವುದು ಕಷ್ಟ. ಮನೆಯೊಡೆಯನಿಗೂ ಇದು ಪಾಠವಾಗಬಹುದು. ಹೆಸರು, ಉದ್ಯೋಗ, ಹಿಂದಿನ ವಿಳಾಸಗಳನ್ನು ಬರೆದಿಟ್ಟುಕೊಂಡು, ಬಾಡಿಗೆಯನ್ನು ರಸೀದಿಯೊಡನೆ ಪಡೆದು, ಆಜ್ಞೆಯಿದ್ದಲ್ಲಿ ಠಾಣೆಗೆ ತಿಳಿಸಿದವನು ತನ್ನ ಪಾಲಿನ ಕರ್ತವ್ಯವನ್ನು ಮುಗಿಸಿದಂತೆ. ಇವನ್ನು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ನಮ್ಮ ಹಿರಿಯರು ಮಾಡದೆ ಬಿಟ್ಟದ್ದು ಇಷ್ಟನ್ನೇ. ಅದು ಅಜಾಗರೂಕತೆ, ಅಪರಾಧವಲ್ಲ.

ವಿಚಾರಣೆ ಒಂದು, ಸಂಶಯ ಇನ್ನೊಂದು. ಅದೇ ಸ್ತೇಯಪ್ರಕರಣದಲ್ಲಿ ಕಳ್ಳನೆಂದು ಸಂಶಯಿಸಬಹುದಾದವರ ಪಟ್ಟಿಯೊಂದಿದೆ. ಕದ್ದ ಮಾಲಿನೊಡನೆ ಸಿಕ್ಕವನು, ಹಿಂದೆ ಅಪರಾಧ ಮಾಡಿದವನು, ಜಾತಿ ಹೆಸರುಗಳನ್ನು ಮರೆಮಾಚುವವನು, ವಿಚಾರಿಸಿದಾಗ ಬಾಯೊಣಗಿ ದನಿ ಒಡೆಯುವವನು ಮುಂತಾದವರೊಡನೆ ‘ಅಶುದ್ಧವಾಸಕ’ನೆಂಬವನು ಅಲ್ಲಿದ್ದಾನೆ: ಎಲ್ಲಿ ವಾಸಿಸುವನೆಂದು ತಿಳಿಯದವನು. ಆದರೆ ಈ ಪಟ್ಟಿಗೆ ವಿಜ್ಞಾನೇಶ್ವರನು ಹಾಕಿದ ಎಚ್ಚರಿಕೆ ಪಟ್ಟಿಗಿಂತ ಮುಖ್ಯವಾದುದು. ಇಂತಹವರನ್ನು ಹಿಡಿದು, ಇವರು ಕಳ್ಳರೋ ಸಾಧುಗಳೋ ಎಂದು ಚೆನ್ನಾಗಿ ಪರೀಕ್ಷಿಸಬೇಕು. ಗುರುತು ಕಂಡ ಮಾತ್ರಕ್ಕೆ ಕಳ್ಳನೆಂದು ನಿರ್ಣಯಿಸಲಾಗದು ಎನ್ನುತ್ತಾನೆ ಅವನು.

ಹೈದರಾಬಾದಿನ ಕನ್ನಡಿಗರಾದ ನಾವು ಈ ಮಾತನ್ನು ಮರೆಯಲಾಗದು. ಕಲಬುರ್ಗಿ, ರಾಯಚೂರು, ಬೀದರಗಳಿಂದ ನಮ್ಮಲ್ಲಿ ಹಲವರ ಅಜ್ಜಂದಿರು ಈ ನಗರಕ್ಕೆ ಬಂದಾಗ ಅದು ಅವರದೇ ರಾಜಧಾನಿ. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಇಲ್ಲಿ ಉಳಿದವರು ಮನೆ ಬದಲಿಸದೆಯೇ ಪರರಾಜ್ಯದವರಾದರು. ಕಾಚಿಗುಡದ ಓಣಿಗಳಲ್ಲಿ, ಮಾತು ಬೇರೆಯೆಂದು ಎಣಿಸದೆ ಯಾರೋ ಒಬ್ಬರು ಎರಡು ಕೋಣೆಗಳನ್ನು ಕೊಟ್ಟುದರಿಂದ ನಮ್ಮ ಸಂಸಾರಗಳು ಬೇರೂರಿದವು. ಈಗ ಆ ಬಾಡಿಗೆದಾರರ ಮೊಮ್ಮಕ್ಕಳು ಮನೆಯೊಡೆಯರಾಗಿದ್ದಾರೆ. ಬಾಡಿಗೆಗೆ ಬಂದವನ ಊರು, ಮತ, ಭಾಷೆಗಳನ್ನು ಕೇಳಿ ಬಾಗಿಲು ಮುಚ್ಚುವ ಮಾತು ನಮ್ಮ ನಡುವೆಯೂ ಕೇಳಿಬರುತ್ತಿದೆ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದರೆ, ನೆಲೆಯಿಲ್ಲದೆ ಅಲೆಯುವ ಅಶುದ್ಧವಾಸಕನನ್ನು ನಾವೇ ಸೃಷ್ಟಿಸಿ, ಬಳಿಕ ಅವನ ನೆಲೆ ತಿಳಿಯದೆಂದು ಅವನನ್ನೇ ಸಂಶಯಿಸಿದಂತಾಗುವುದು.

ಹಿರಿಯರಿಗೆ ಈ ಸಂಗತಿಗಳನ್ನೆಲ್ಲ ಮತ್ತೊಂದು ಭಾನುವಾರ ವಿವರಿಸಿದೆನು. ಅವರು ಸಾವಧಾನದಿಂದ ಕೇಳಿ, ಕಲ್ಯಾಣದಲ್ಲಿ ಬರೆದ ಪುಸ್ತಕ ಕಾಚಿಗುಡದ ಮುದುಕನಿಗೆ ಬಿಡುಗಡೆ ಕೊಟ್ಟಿತಲ್ಲ ಎಂದು ನಕ್ಕರು. ಮೇಲಂತಸ್ತು ಇನ್ನೂ ಬರಿದಾಗಿಯೇ ಇದ್ದಿತು. ಹೊಸ ಕರಾರುಪತ್ರದಲ್ಲಿ ಏನೇನು ಬರೆಸಬೇಕೆಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಡಲು ಹೇಳಿದರು, ಹಾಕಿಕೊಟ್ಟೆನು. ಅದಾಗಿ ಒಂದು ತಿಂಗಳಿಗೆ, ಬೇರೆ ರಾಜ್ಯದಿಂದ ಓದಲು ಬಂದ ಇಬ್ಬರು ವಿದ್ಯಾರ್ಥಿಗಳು ಅಲ್ಲಿ ಬಿಡಾರ ಹೂಡಿದ್ದಾರೆಂದು ತಿಳಿಯಿತು.